ವಸಾಹತುಕಾಲದ ವರ್ಣಚಿತ್ರಗಳ ಕೈಪ್ರತಿಗಳು: ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯಿಂದ ಒಂದು ನೋಟ

ಯಳಂದೂರಿನ ಮೊದಲ ಜಹಗೀರುದಾರರಾದ ದಿವಾನ್ ಪೂರ್ಣಯ್ಯನವರನ್ನು ಅವರ ಜೀವಿತಕಾಲದಲ್ಲೇ ಎಣ್ಣೆಬಣ್ಣದಲ್ಲಿ ಬರೆದವನು ಐರ್ಲೆಂಡಿನ ಚಿತ್ರಕಾರ ತಾಮಸ್ ಹಿಕಿ. 1801ರ ಆಸುಪಾಸಿನ ಆ ಭಾವಚಿತ್ರ ಈಗ ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿರುವ ಯೇಲ್ ಬ್ರಿಟಿಷ್ ಕಲಾಕೇಂದ್ರದ ಸಂಗ್ರಹದಲ್ಲಿದೆ. ಪೂರ್ಣಯ್ಯನವರ ಊರಿನವರ ಕಣ್ಣಿಗೆ ಬೀಳುವುದು ಅದರ ಅಚ್ಚು, ಇಲ್ಲವೇ ಅಚ್ಚನ್ನು ನೋಡಿ ಬರೆದ ಇನ್ನೊಂದು ಚಿತ್ರ. ಮೈಸೂರು ಸೀಮೆಯ ವಸಾಹತುಕಾಲದ ಚಿತ್ರಗಳ ಪೈಕಿ ಬಹುಪಾಲಿನ ಕಥೆ ಹೀಗೆಯೇ. ಚಿತ್ರದಲ್ಲಿರುವ ಜನ ಇಲ್ಲಿನವರು, ಬಂಡೆ, ಕೋಟೆ, ಹೊಳೆ ಇಲ್ಲಿನವು. ಚಿತ್ರ ಮಾತ್ರ ಲಂಡನ್ನಿನಲ್ಲೋ ಎಡಿನ್‌ಬರೋದಲ್ಲೋ ಅಮೆರಿಕದಲ್ಲೋ ಉಳಿದಿದೆ.

ಇಂಥ ಚಿತ್ರವನ್ನು ಕುಂಚ ಹಿಡಿದು ಮತ್ತೆ ಬರೆದಾಗ ಹುಟ್ಟುವುದು ಕೈಪ್ರತಿ. ಅದು ಯಂತ್ರದಲ್ಲಿ ಅಚ್ಚಾದ ಹಾಳೆಯಲ್ಲ. ಹಳೆಯದೆಂದು ನಂಬಿಸಿ ಮಾರುವ ನಕಲಿಯೂ ಅಲ್ಲ. ಪ್ರತಿ ಮಾಡಿದವನು ತಾನು ಮಾಡಿದ್ದು ಪ್ರತಿ ಎಂದು ಒಪ್ಪಿಕೊಂಡಷ್ಟು ಕಾಲ ಅದು ಗೌರವದ ಕೆಲಸವೇ. ಯುರೋಪಿನಲ್ಲಿ ಹೊಸ ಕಲಾವಿದರು ಕಲಿತದ್ದೇ ದೊಡ್ಡವರ ಚಿತ್ರಗಳ ಪ್ರತಿ ಮಾಡುತ್ತ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಇಂದಿಗೂ ಅನುಮತಿ ಪಡೆದು ಚಿತ್ರದೆದುರು ನಿಂತು ಪ್ರತಿ ಬರೆಯಬಹುದು, ಆದರೆ ಪ್ರತಿಯ ಅಳತೆ ಮೂಲಕ್ಕಿಂತ ಬೇರೆಯಾಗಿರಲೇಬೇಕು.

ಈ ಚಿತ್ರಗಳು ಹುಟ್ಟಿದ ಕಾಲವನ್ನು ಅರಿಯಲು ಯಳಂದೂರು, ಕೊಳ್ಳೇಗಾಲ, ಹನೂರು ಈ ಮೂರು ತಾಲ್ಲೂಕುಗಳ ಹಿನ್ನೆಲೆಯನ್ನು ಸ್ವಲ್ಪ ತಿಳಿದಿರಬೇಕು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೊಳ್ಳೇಗಾಲದ ಭಾಗ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅದು ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಇತ್ತೀಚೆಗೆ ಬೇರೆ ತಾಲ್ಲೂಕಾದ ಹನೂರು ಆಗ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರಿನ ಒಡೆಯರ ರಾಜ್ಯದಲ್ಲಿದ್ದು 1807ರಲ್ಲಿ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಹಾಗಾಗಿ ಕೆಲವೇ ಹರದಾರಿ ಅಂತರದ ಊರುಗಳು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಎರಡು ಸರ್ಕಾರಗಳ ಕೆಳಗೆ ಬದುಕಿದವು. 1800ರಲ್ಲಿ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಸತ್ತೇಗಾಲ, ಶಿವನಸಮುದ್ರ, ಕೊಳ್ಳೇಗಾಲ, ಕೌದಳ್ಳಿಗಳ ಮೇಲೆ ಹಾದು ಹೋಗಿ, ಬೆಳೆ, ಕಬ್ಬಿಣ, ಕಂದಾಯ ಎಲ್ಲವನ್ನೂ ಬರೆದಿಟ್ಟ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಕೆತ್ತನೆಯ ಚಿತ್ರಗಳೂ ಇವೆ. ಹೊಸದಾಗಿ ಗೆದ್ದ ನಾಡನ್ನು ಲೆಕ್ಕ ಹಾಕಿ, ಅಳೆದು, ಚಿತ್ರ ಬರೆದು ಕೈವಶ ಮಾಡಿಕೊಳ್ಳುವ ಕಾಲ ಅದು. ಹಿಕಿ ಬಂದದ್ದೂ ಅದೇ ಹೊತ್ತಿನಲ್ಲಿ.

ಹಿಕಿ ಹುಟ್ಟಿದ್ದು 1741ರಲ್ಲಿ, ಡಬ್ಲಿನ್ನಿನಲ್ಲಿ. ಲಾರ್ಡ್ ಮೆಕಾರ್ಟ್ನಿಯ ಚೀನಾ ನಿಯೋಗಕ್ಕೆ ಚಿತ್ರಕಾರನಾಗಿ ಹೋಗಿಬಂದ ಆತ 1798ರಲ್ಲಿ ಮದ್ರಾಸು ಸೇರಿದ. ನಾಲ್ಕನೆಯ ಮೈಸೂರು ಯುದ್ಧ ಮುಗಿದ ಕೂಡಲೇ ಅದರ ಮುಖ್ಯ ಘಟನೆಗಳನ್ನು ಏಳು ದೊಡ್ಡ ಚಿತ್ರಗಳಲ್ಲಿ ತೋರಿಸುವ ಯೋಜನೆ ಹಾಕಿದ. ಅದಕ್ಕೆಂದು ಸೇನಾಧಿಕಾರಿಗಳನ್ನೂ ಟಿಪ್ಪುವಿನ ಮಕ್ಕಳನ್ನೂ ಒಬ್ಬೊಬ್ಬರಾಗಿ ಇದ್ದಿಲು ಮತ್ತು ಬಳಪದಲ್ಲಿ ಬರೆದುಕೊಂಡ. ದೊಡ್ಡ ಚಿತ್ರಗಳು ಆಗಲೇ ಇಲ್ಲ. ಇದ್ದಿಲ ರೇಖಾಚಿತ್ರಗಳು ವೆಲ್ಲೆಸ್ಲಿ ವಂಶದವರ ಇಂಗ್ಲೆಂಡಿನ ಸ್ಟ್ರ್ಯಾಟ್‌ಫೀಲ್ಡ್ ಸೇ ಮನೆಯಲ್ಲಿ ಉಳಿದವು. ಹಿಕಿ 1824ರಲ್ಲಿ ಮದ್ರಾಸಿನಲ್ಲೇ ತೀರಿಕೊಂಡ.

ಪ್ರತಿಕಾರನ ಜವಾಬ್ದಾರಿ ಎಷ್ಟೆಂಬುದಕ್ಕೆ ಹಿಕಿಯ ಇನ್ನೊಂದು ಚಿತ್ರವನ್ನು ಹತ್ತಿರದಿಂದ ನೋಡಬೇಕು. ಮೈಸೂರು ಅರಮನೆಯ ಮೂವರು ಹೆಂಗಸರು ಅದರಲ್ಲಿದ್ದಾರೆ. ಕಾಲ 1805ರ ಸುಮಾರು. ಬಹುಕಾಲ ಇವರು ಯಾರೆಂಬುದೇ ಸರಿಯಾಗಿ ಗೊತ್ತಿರಲಿಲ್ಲ. ಇತಿಹಾಸಕಾರ ನೈಜೆಲ್ ಚಾನ್ಸಲರ್ ಇದನ್ನು ಸಿಡುಬಿನ ಲಸಿಕೆಯ ಪ್ರಚಾರಕ್ಕೆ ಬರೆಸಿದ ಚಿತ್ರವೆಂದು ವಾದಿಸಿದರು. ಅವರ ಪ್ರಕಾರ ನಡುವೆ ಇರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ಅಜ್ಜಿ ಲಕ್ಷ್ಮಮ್ಮಣ್ಣಿ. ಬಲಕ್ಕಿರುವ ಕಿರಿಯ ರಾಣಿ ದೇವಾಜಮ್ಮಣ್ಣಿ ಸೆರಗನ್ನು ಸರಿಸಿ ಎಡತೋಳನ್ನು ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಕಾಣಿಸಲೆಂದೇ. ಎಡಕ್ಕಿರುವ ರಾಣಿಯ ಮೂಗಿನ ಕೆಳಗೆ, ಬಾಯಿಯ ಸುತ್ತ ಬಣ್ಣ ಮಾಸಿದೆ. ಸಿಡುಬಿನ ಕೀವನ್ನೇ ಕೊಟ್ಟು ರೋಗ ತಡೆಯುತ್ತಿದ್ದ ಹಳೆಯ ಪದ್ಧತಿಯ ಗುರುತು ಅದು. ಲಸಿಕೆ ಮೈಸೂರಿಗೆ ಕಾಲಿಟ್ಟಾಗ ದಿವಾನರಾಗಿದ್ದವರು ಯಳಂದೂರಿನ ಪೂರ್ಣಯ್ಯನವರೇ.

ಈಗ ಈ ಚಿತ್ರವನ್ನು ಪ್ರತಿ ಮಾಡುವವನೊಬ್ಬ, ರಾಣಿಯ ಮುಖ ಚೆಂದ ಕಾಣಲಿ ಎಂದು ಬಾಯಿಯ ಸುತ್ತಲ ಮಾಸಲನ್ನು ತಿದ್ದಿಬಿಟ್ಟರೆ? ಮರ್ಯಾದೆಗೆಂದು ಸೆರಗನ್ನು ತೋಳಿನ ಮೇಲೆ ಎಳೆದುಬಿಟ್ಟರೆ? ಚಿತ್ರ ಚೆಲುವಾಗುತ್ತದೆ, ಸಾಕ್ಷ್ಯ ಸತ್ತುಹೋಗುತ್ತದೆ. ಮದುವೆ ಫೋಟೊಗಳಿಗೆ ಬಣ್ಣ ತುಂಬಿ ಕಲೆ ಮರೆಸಿ ರೂಢಿಯಾದ ಕೈಗೆ ಈ ಚಪಲ ಸಹಜ. ಐತಿಹಾಸಿಕ ಚಿತ್ರದ ಕೈಪ್ರತಿಯಲ್ಲಿ ಅದಕ್ಕೆ ಜಾಗವಿಲ್ಲ.

ಕನ್ನಡ ನಾಡಿನಲ್ಲಿ ಪ್ರತಿಯ ಮೇಲೆ ಪ್ರತಿಯಾಗಿ ಉಳಿದುಬಂದ ಚಿತ್ರವೆಂದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪೊಳ್ಳಿಲೂರು ಯುದ್ಧ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿ ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ವಿಲಿಯಂ ಬೇಲಿಯ ತುಕಡಿಯನ್ನು ಮಣ್ಣುಮುಕ್ಕಿಸಿತು. ನಾಲ್ಕು ವರ್ಷ ಕಳೆದು, 1784ರಲ್ಲಿ, ಕಟ್ಟಿದ ಬೇಸಗೆ ಅರಮನೆಯ ಪಶ್ಚಿಮ ಗೋಡೆಯ ಮೇಲೆ ಟಿಪ್ಪು ಆ ಗೆಲುವನ್ನು ಬರೆಸಿದ. ಕೆಂಪಂಗಿಯ ಸಿಪಾಯಿಗಳು ಚೌಕಾಕಾರದ ವ್ಯೂಹ ಕಟ್ಟಿ ನಿಂತಿದ್ದಾರೆ. ಒಳಗೆ ಗಾಯಗೊಂಡ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಮದ್ದಿನ ಬಂಡಿ ಸಿಡಿದಿದೆ. ಸುತ್ತಲಿಂದಲೂ ಕುದುರೆ ದಂಡು ನುಗ್ಗಿದೆ. ದೂರದರ್ಶಕ ಹಿಡಿದ ಫ್ರೆಂಚ್ ಅಧಿಕಾರಿಯೂ ಅದರಲ್ಲಿದ್ದಾನೆ. ಗೆದ್ದವನು ಇಲ್ಲಿನವನಾಗಿರುವ ಚಿತ್ರ ಇದು. ಇಂಗ್ಲಿಷರ ಚಿತ್ರಗಳಲ್ಲಿ ಕಾಣುವ ಯುದ್ಧದ ಇನ್ನೊಂದು ಮಗ್ಗುಲು.

ಆದರೆ ಇಂದು ಗೋಡೆಯ ಮೇಲಿರುವ ಬಣ್ಣ ಟಿಪ್ಪುವಿನ ಕಾಲದ್ದೇ ಎಂದು ಹೇಳುವಂತಿಲ್ಲ. ಮೈಸೂರು ಗೆಜೆಟಿಯರು ಕೊಡುವ ವಿವರದಂತೆ ಇಂಗ್ಲಿಷರ ಮುತ್ತಿಗೆಗೆ ಮುಂಚೆ ಚಿತ್ರಗಳನ್ನು ಅಳಿಸಲಾಗಿತ್ತು. 1799ರ ಬಳಿಕ ಇದೇ ಅರಮನೆಯಲ್ಲಿ ವಾಸವಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅವನ್ನು ಮತ್ತೆ ಬರೆಸಿದ. ಅವು ಮತ್ತೊಮ್ಮೆ ಸುಣ್ಣದಡಿ ಸೇರಿದವು. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ, ಹಳೆಯ ಚಿತ್ರ ನೆನಪಿದ್ದ ಭಾರತೀಯ ಚಿತ್ರಕಾರನಿಂದ ಮೂರನೆಯ ಬಾರಿ ಬರೆಸಿದ. ಅಂದರೆ ಮುಖ್ಯ ಕೆಲಸ ನಡೆದದ್ದು ನೆನಪಿನ ಬಲದ ಮೇಲೆ. ಇಂಗ್ಲಿಷರ ಸೋಲನ್ನು ಸಾರುವ ಚಿತ್ರವನ್ನು ಇಂಗ್ಲಿಷರೇ ಎರಡು ಸಲ ಖರ್ಚು ಹಾಕಿ ಬರೆಸಿದ್ದು ಗಮನಿಸಬೇಕಾದ ಸಂಗತಿ. ಗೆದ್ದ ಮೇಲೆ ಸೋಲಿನ ಚಿತ್ರಕ್ಕೂ ಹೆದರಬೇಕಾಗಿರಲಿಲ್ಲ. ಅದನ್ನು ಪ್ರವಾಸಿಗರಿಗೆ ತೋರಿಸಬಹುದಿತ್ತು. ಹಾಗೆಂದು ಗೋಡೆಯ ಚಿತ್ರದ ಬೆಲೆ ಕಡಿಮೆಯಾಗುವುದಿಲ್ಲ. ಅದು ಟಿಪ್ಪುವಿನ ಆಸ್ಥಾನ, ಕಂಪನಿಯ ಕುತೂಹಲ, ಹೆಸರೇ ಉಳಿಯದ ಒಬ್ಬ ಮೈಸೂರು ಸೀಮೆಯ ಚಿತ್ರಕಾರನ ಜ್ಞಾಪಕಶಕ್ತಿ ಮೂರೂ ಬೆರೆತ ಕೃತಿ. ಆ ಚಿತ್ರಕಾರನ ಹೆಸರನ್ನು ಒಬ್ಬರೂ ಬರೆದಿಡದೇ ಹೋದದ್ದು ದೊಡ್ಡ ನಷ್ಟ.

ಅದೇ ಯುದ್ಧದ ಇನ್ನೊಂದು ಆವೃತ್ತಿ ಕಾಗದದ ಮೇಲಿದೆ. ಹತ್ತು ದೊಡ್ಡ ಹಾಳೆಗಳನ್ನು ಜೋಡಿಸಿದರೆ ಸುಮಾರು 32 ಅಡಿ ಉದ್ದವಾಗುವ ಆ ಚಿತ್ರ 2022ರ ಮಾರ್ಚಿನಲ್ಲಿ ಲಂಡನ್ನಿನ ಸೋದ್‌ಬೀಸ್ ಹರಾಜಿನಲ್ಲಿ 6,30,000 ಪೌಂಡಿಗೆ ಮಾರಾಟವಾಯಿತು. ಗೋಡೆ ಎರಡು ಸಲ ಮರುಬರಹಕ್ಕೆ ಒಳಗಾದದ್ದರಿಂದ ಕಾಗದದ ಆವೃತ್ತಿಯೇ ವಿದ್ವಾಂಸರಿಗೆ ಹೋಲಿಸಿ ನೋಡುವ ಆಧಾರವಾಗಿದೆ. ಮೂಲ ಕಳೆದುಹೋದಲ್ಲಿ ಇನ್ನೊಂದು ಪ್ರತಿ ಸಾಕ್ಷಿ ಹೇಳುತ್ತದೆ.

ಚಿತ್ರಕಾರ ರಾಬರ್ಟ್ ಕೆರ್ ಪೋರ್ಟರನ ‘ಶ್ರೀರಂಗಪಟ್ಟಣದ ಮೇಲಿನ ಲಗ್ಗೆ’ ಇನ್ನೂ ಮುಂದಕ್ಕೆ ಹೋಗುತ್ತದೆ. ಇಪ್ಪತ್ತರ ಹರೆಯದ ಪೋರ್ಟರ್ 1800ರಲ್ಲಿ, ಭಾರತವನ್ನೇ ನೋಡದೆ, ಆರು ವಾರದಲ್ಲಿ 120 ಅಡಿಯ ಚಿತ್ರವನ್ನು ಬರೆದು ಲಂಡನ್ನಿನಲ್ಲಿ ಟಿಕೆಟಿಟ್ಟು ತೋರಿಸಿದ. ಮೂಲ ಮುಂದೆ ಬೆಂಕಿಗೆ ಆಹುತಿಯಾಯಿತು. ನಾವು ಇಂದು ನೋಡುವುದೆಲ್ಲ ಅದನ್ನು ನೋಡಿ ಕೆತ್ತನೆಗಾರ ವೆಂಡ್ರಾಮಿನಿ ಮಾಡಿದ ಕೆತ್ತನೆಗಳನ್ನು. ಡೇವಿಡ್ ವಿಲ್ಕಿಯದೂ ಹಾಗೆಯೇ ಕಾಣದೆ ಬರೆದ ಚಿತ್ರ. 1839ರಲ್ಲಿ ಮುಗಿದ ಅದರಲ್ಲಿ ಇಂಗ್ಲಿಷ್ ಸೇನೆಯ ಜನರಲ್ ಬೇರ್ಡ್ ಟಿಪ್ಪುವಿನ ಶವವನ್ನು ಪಂಜಿನ ಬೆಳಕಿನಲ್ಲಿ ಕಾಣುತ್ತಾನೆ. ಬರೆಸಿದವಳು ಬೇರ್ಡನ ವಿಧವೆ. ಬೇರ್ಡನ ಕಾಲ ಬಳಿಯ ನೆಲದಲ್ಲಿ ಕಬ್ಬಿಣದ ಜಾಲರಿಯೊಂದಿದೆ: ಪೊಳ್ಳಿಲೂರಿನಲ್ಲಿ ಸೆರೆಸಿಕ್ಕ ಅವನನ್ನು ವರ್ಷಗಟ್ಟಲೆ ಕೂಡಿಹಾಕಿದ್ದ ಸೆರೆಮನೆಯ ಸೂಚನೆ. ಪ್ರತಿ ಬರೆಯುವವನಿಗೆ ಇದು ತಿಳಿಯದಿದ್ದರೆ ಜಾಲರಿ ಅವನ ಕೈಯಲ್ಲಿ ಬರೀ ಕಪ್ಪು ಗೆರೆಗಳಾಗಿಬಿಡುತ್ತದೆ.

ಮೈಸೂರಿನಲ್ಲಿ ಪ್ರತಿ ಮಾಡುವ ಕಲೆಗೆ ತನ್ನದೇ ಪರಂಪರೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಚಿತ್ರಗಾರರ ಮನೆಗಳಲ್ಲಿ ಒಂದೇ ರೇಖಾವಿನ್ಯಾಸ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುತ್ತಿತ್ತು. ಹುಣಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲ ಗೆರೆ, ಅಳಿಲಿನ ಕೂದಲ ಕುಂಚದಿಂದ ಬಣ್ಣ, ಉಬ್ಬುಕೆಲಸಕ್ಕೆ ಮಕ್ಕಿ ಸಫೇದ ಎಂಬ ಲೇಪ, ಅದರ ಮೇಲೆ ಚಿನ್ನದ ರೇಕು. ರಾಜನ ಭಾವಚಿತ್ರವೂ ದೇವರ ಚಿತ್ರದಂತೆ ಮತ್ತೆ ಮತ್ತೆ ಬರೆಸಿಕೊಳ್ಳುವ ವಸ್ತುವಾಗಿತ್ತು. ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜನಗರದ ಚಾಮರಾಜೇಶ್ವರ ದೇವಾಲಯದಲ್ಲಿ ಅವರ, ರಾಣಿಯರ ಪ್ರತಿಮೆಗಳೇ ಇವೆ.

ಎಣ್ಣೆಬಣ್ಣದ ದಾರಿ ಬೇರೆ. ರಾಜಾ ರವಿವರ್ಮ 1885ರಲ್ಲಿ ಮೈಸೂರಿಗೆ ಬಂದು ಅರಮನೆಯವರ ಭಾವಚಿತ್ರ ಬರೆದರು. ಮುಂದೆ ಅರಮನೆಗಾಗಿ ಬರೆದ ಅವರ ಪುರಾಣಚಿತ್ರಗಳು ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿವೆ. 1894ರಲ್ಲಿ ಅವರು ಮುಂಬಯಿಯಲ್ಲಿ ತೆರೆದ ಅಚ್ಚುಕೂಟದಿಂದ ಹೊರಬಿದ್ದ ಹಾಳೆಗಳು ದಕ್ಷಿಣದ ಹಳ್ಳಿ ಹಳ್ಳಿಯ ಗೋಡೆ ಸೇರಿದವು. ಆ ಅಚ್ಚನ್ನು ಮುಂದಿಟ್ಟುಕೊಂಡು ಊರ ಪೇಂಟರುಗಳು ಎಣ್ಣೆಬಣ್ಣದ ಪ್ರತಿ ಬರೆದರು. ಮೂಲದಿಂದ ಅಚ್ಚು, ಅಚ್ಚಿನಿಂದ ಮತ್ತೆ ಕುಂಚ. ಹನೂರು ಭಾಗದ ಮನೆಗಳಲ್ಲಿ ಹುಲಿಯೇರಿದ ಮಾದಪ್ಪನ (ಮಲೆ ಮಹದೇಶ್ವರನ) ಚಿತ್ರವೂ ಇದೇ ದಾರಿಯಲ್ಲಿ ಪ್ರತಿಯಿಂದ ಪ್ರತಿಗೆ ದಾಟುತ್ತ ಬಂದಿದೆ. ಮೊದಲು ಬರೆದವರು ಯಾರು ಎಂದು ಭಕ್ತರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮಾದಪ್ಪನಿಗೆ ಸಲ್ಲುವ ಈ ಮಾತು ಹಿಕಿಯ ಚಿತ್ರಕ್ಕೆ ಸಲ್ಲದು. ಅಲ್ಲಿ ಯಾರು, ಯಾವಾಗ, ಯಾರಿಗಾಗಿ ಬರೆದರು ಎಂಬುದೇ ಚಿತ್ರದ ಅರ್ಧ ಅರ್ಥ.

ಜಗನ್ಮೋಹನದ ಇನ್ನೊಂದು ಚಿತ್ರಕ್ಕಂತೂ ಪ್ರತಿಗಳಿಗೆ ಲೆಕ್ಕವಿಲ್ಲ. ಕೈಯಲ್ಲಿ ದೀಪ ಹಿಡಿದ ಹೆಣ್ಣಿನ ಜಲವರ್ಣಚಿತ್ರ ಅದು. ರವಿವರ್ಮರದೆಂದೇ ಅನೇಕರು ನಂಬಿದ್ದಾರೆ. ಬರೆದವರು ಎಸ್. ಎಲ್. ಹಳದಣಕರ್, 1945ರ ಸುಮಾರಿಗೆ. ಬೆರಳುಗಳ ಸಂದಿನಿಂದ ಹೊಮ್ಮುವ ಕೆಂಪು ಬೆಳಕನ್ನು ಜಲವರ್ಣದಲ್ಲಿ ಸಾಧಿಸುವುದು ಎಷ್ಟು ಕಷ್ಟವೆಂಬುದು ಅದನ್ನು ಪ್ರತಿ ಮಾಡಲು ಹೋದವರಿಗೆಲ್ಲ ಗೊತ್ತು. ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ಹಚ್ಚದೆ ಉಳಿಸಿದ ಕಾಗದ, ಒಮ್ಮೆ ಕೈ ತಪ್ಪಿದರೆ ತಿದ್ದಲಾಗದು. ಎಣ್ಣೆಬಣ್ಣದ ಪ್ರತಿಗಳು ಈ ಕಷ್ಟವನ್ನು ಬಿಳಿಬಣ್ಣ ಮೆತ್ತಿ ದಾಟಿಬಿಡುತ್ತವೆ. ಹೊಳಪು ಬರುತ್ತದೆ, ಒಳಗಿನಿಂದ ಬರುವ ಬೆಳಕು ಬರುವುದಿಲ್ಲ.

ಪ್ರತಿ ಬರೆಯುವ ಕ್ರಮ ಸರಳ, ಕೆಲಸ ಮಾತ್ರ ತಾಳ್ಮೆಯದು. ಮೂಲದ ಛಾಯಾಚಿತ್ರದ ಮೇಲೆ ಒಂದೇ ಅಳತೆಯ ಚೌಕಗಳನ್ನು ಎಳೆದು, ಕ್ಯಾನ್ವಾಸಿನ ಮೇಲೆ ಅದೇ ಲೆಕ್ಕದಲ್ಲಿ ದೊಡ್ಡ ಚೌಕಗಳನ್ನು ಹಾಕುತ್ತಾರೆ. ಒಂದೊಂದು ಚೌಕದಲ್ಲಿ ಯಾವ ಗೆರೆ ಎಲ್ಲಿ ಕಡಿಯುತ್ತದೆ ಎಂದು ನೋಡಿ ಗುರುತು ಮಾಡುತ್ತ ಹೋದರೆ ಅಳತೆ ತಪ್ಪುವುದಿಲ್ಲ. ಹಳಬರು ಹಾಳೆಯ ಗೆರೆಗುಂಟ ಸೂಜಿಯಲ್ಲಿ ಚುಚ್ಚಿ, ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿಯನ್ನು ಮೇಲಿಂದ ತಟ್ಟುತ್ತಿದ್ದರು. ತೂತುಗಳ ಮೂಲಕ ಇಳಿದ ಚುಕ್ಕಿಗಳೇ ಗೆರೆಯಾಗುತ್ತಿದ್ದವು. ಈಗ ಪ್ರೊಜೆಕ್ಟರ್ ಬಂದಿದೆ. ಗೆರೆ ಮೂಡಿದ ಮೇಲೆ ಮಣ್ಣುಬಣ್ಣದ ತೆಳು ತಳಬಣ್ಣ, ಅದು ಒಣಗಿದ ಮೇಲೆ ನೆರಳು ಬೆಳಕು, ಕೊನೆಗೆ ಪಾರದರ್ಶಕ ಲೇಪಗಳು. ಎಣ್ಣೆಬಣ್ಣ ಒಳಗಿನಿಂದ ಒಣಗಲು ತಿಂಗಳುಗಳೇ ಬೇಕಾದ್ದರಿಂದ ವಾರ್ನಿಶಿಗೆ ಅವಸರ ಮಾಡುವಂತಿಲ್ಲ. ಬೇಗ ಮುಗಿಯಲೆಂದು ಅಕ್ರಿಲಿಕ್ ಹಿಡಿಯುವವರೇ ಈಗ ಹೆಚ್ಚು. ಆದರೆ ಅಕ್ರಿಲಿಕ್ ನಿಮಿಷಗಳಲ್ಲಿ ಒಣಗುವುದರಿಂದ ಹಿಕಿಯ ಕಾಲದ ಭಾವಚಿತ್ರಗಳಲ್ಲಿ ಕೆನ್ನೆ ಕತ್ತಲಿಗೆ ಕರಗುವ ಮೃದುತನವನ್ನು ತರುವುದು ಕಷ್ಟ.

ಇಲ್ಲೊಂದು ಪ್ರಶ್ನೆಯನ್ನು ಪ್ರತಿಕಾರ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಇನ್ನೂರು ವರ್ಷದ ವಾರ್ನಿಶ್ ಹಳದಿಗಟ್ಟಿ ಆಕಾಶ ಹಸಿರಾಗಿ, ಬಿಳಿ ಪಂಚೆ ಜೇನಿನ ಬಣ್ಣವಾಗಿ ಕಾಣುತ್ತದೆ. ಪ್ರತಿಯಲ್ಲಿ ಬರೆಯಬೇಕಾದದ್ದು ಇಂದಿನ ಬಣ್ಣವೋ, ಬರೆದ ದಿನದ ಬಣ್ಣವೋ? ಅಲಂಕಾರಕ್ಕೆ ಕೊಳ್ಳುವವರು ಹಳದಿಯನ್ನೇ ಬಯಸುತ್ತಾರೆ, ಹಳತೆಂದು ಕಾಣಲಿ ಎಂದು. ಸಂಗ್ರಹಾಲಯಕ್ಕೆ, ಶಾಲೆಗೆ ಬರೆಯುವ ಪ್ರತಿಯಲ್ಲಿ ವಾರ್ನಿಶಿನ ಕೊಳೆಯನ್ನು ಕಳೆದ ಬಣ್ಣವೇ ಸರಿ. ಹಾಗೆ ಮಾಡಿದ್ದನ್ನು ಪ್ರತಿಯ ಹಿಂದೆ ಬರೆಯಬೇಕು. ಬಣ್ಣದ ಡಬ್ಬಿಯೂ ಸುಳ್ಳು ಹೇಳುವುದಿಲ್ಲ. ಹಿಕಿ ಬಳಸಿದ್ದು ಸೀಸದ ಬಿಳಿ. ಇಂದಿನ ಅಂಗಡಿಯಲ್ಲಿ ಸಿಗುವ ಟೈಟಾನಿಯಂ ಬಿಳಿ ಪೇಟೆಗೆ ಬಂದದ್ದು 20ನೆಯ ಶತಮಾನದ ಎರಡನೆಯ, ಮೂರನೆಯ ದಶಕಗಳಲ್ಲಿ. ಆದ್ದರಿಂದ ಪ್ರತಿಯನ್ನು ಮೂಲವೆಂದು ಮಾರಲು ಹೊರಟವನು ಪ್ರಯೋಗಾಲಯದಲ್ಲಿ ಸಿಕ್ಕಿಬೀಳುತ್ತಾನೆ.

ಕಾನೂನಿನ ಮಟ್ಟಿಗೆ ಹಾದಿ ಬಹುತೇಕ ತೆರೆದಿದೆ. ಭಾರತದಲ್ಲಿ ಕಲಾವಿದ ತೀರಿಕೊಂಡ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. ಹಿಕಿ, ವಿಲ್ಕಿ, ರವಿವರ್ಮ ಎಲ್ಲರ ಚಿತ್ರಗಳೂ ಇದರಿಂದ ಹೊರಗೆ. 1968ರಲ್ಲಿ ತೀರಿಕೊಂಡ ಹಳದಣಕರರ ಚಿತ್ರಕ್ಕೆ ಈ ಲೆಕ್ಕದಂತೆ 2028ರ ಕೊನೆಯವರೆಗೂ ರಕ್ಷಣೆಯಿದೆ ಎಂಬುದು ದೀಪದ ಹೆಣ್ಣನ್ನು ಬರೆದು ಮಾರುವ ಅನೇಕರಿಗೆ ಗೊತ್ತಿದ್ದಂತಿಲ್ಲ. ರವಿವರ್ಮರ ಮೂಲಚಿತ್ರಗಳು ರಾಷ್ಟ್ರೀಯ ಕಲಾನಿಧಿಯೆಂದು ಘೋಷಿತವಾಗಿದ್ದು ಹೊರದೇಶಕ್ಕೆ ಮಾರುವಂತಿಲ್ಲ. ಹೊರಗಿನ ಬೇಡಿಕೆ ಪ್ರತಿಗಳತ್ತ ತಿರುಗಲು ಇದೂ ಒಂದು ಕಾರಣ. ಜಗತ್ತಿನ ಮಟ್ಟದಲ್ಲಿ ಈ ವ್ಯಾಪಾರದ ದೊಡ್ಡ ಕೇಂದ್ರ ಚೀನಾದ ಶೆನ್‌ಜೆನ್ ನಗರದ ದಾಫೆನ್. ಅಲ್ಲಿ ಒಬ್ಬನು ಆಕಾಶ, ಇನ್ನೊಬ್ಬನು ಮುಖ ಎಂದು ಕೆಲಸ ಹಂಚಿಕೊಂಡು ಬರೆಯುವ ಪದ್ಧತಿಯೂ ಬೆಳೆಯಿತು. ಅಂಥ ಕಾರ್ಖಾನೆಯ ಪ್ರತಿಗೆ ಕೋಣೆಯ ಗೋಡೆ ತುಂಬಿಸುವ ಶಕ್ತಿಯಿದೆ, ಊರಿನ ಇತಿಹಾಸ ಹೇಳುವ ಶಕ್ತಿಯಿಲ್ಲ.

ಊರಿನಲ್ಲೇ ಬರೆಸಲು ಈಗ ಮುಂಚಿನ ಅಡ್ಡಿಗಳಿಲ್ಲ. ಯೇಲ್ ಕೇಂದ್ರ ತನ್ನ ಸಂಗ್ರಹದ ಹಕ್ಕು ಮುಗಿದ ಚಿತ್ರಗಳ ಉತ್ತಮ ಗುಣಮಟ್ಟದ ಛಾಯಾಪ್ರತಿಗಳನ್ನು 2011ರಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಮೈಸೂರಿನಲ್ಲಿ 1981ರಿಂದ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು ಇದೆ. ಭಾವಚಿತ್ರ ಬರೆಯಬಲ್ಲ ಕೈಗಳಿಗೆ ಕೊರತೆಯಿಲ್ಲ. ಯಳಂದೂರಿನ ಜಹಗೀರುದಾರರ ಬಂಗಲೆ ಪೂರ್ಣಯ್ಯನವರ ನೆನಪಿನ ಜಾಗ. ಜಾತ್ರೆ, ಉತ್ಸವಗಳಿಗೆ ರಾತ್ರೋರಾತ್ರಿ ಕಟ್ಟುವ ಫ್ಲೆಕ್ಸಿಗೆ ಬದಲು, ಪೂರ್ಣಯ್ಯನವರ ಭಾವಚಿತ್ರವನ್ನು ಮೂಲದ ಬಣ್ಣ ನೋಡಿ ಎಣ್ಣೆಬಣ್ಣದಲ್ಲಿ ಬರೆಸಿ, ಹಿಂಬದಿಯಲ್ಲಿ ಮೂಲದ ಕಲಾವಿದ, ಅದರ ಕಾಲ, ಅದು ಇರುವ ಊರು, ಪ್ರತಿ ಬರೆದವರ ಹೆಸರು, ವರ್ಷ ಇಷ್ಟನ್ನು ಬರೆದು ತೂಗಿಹಾಕುವುದು ಒಂದು ಗ್ರಾಮ ಪಂಚಾಯಿತಿಗೂ ನಿಲುಕುವ ಕೆಲಸ.

ಅದೇ ಸಾಲಿನಲ್ಲಿ ಬರೆಸಬೇಕಾದ ಇನ್ನೊಂದು ಚಿತ್ರವೂ ಹಿಕಿಯದೇ. 1816ರ ಆ ಚಿತ್ರದಲ್ಲಿ ಮೈಸೂರು ಸೀಮೆಯ ಮೋಜಣಿ ಮಾಡಿದ ಕರ್ನಲ್ ಕಾಲಿನ್ ಮೆಕೆಂಝಿ ಕೆಂಪಂಗಿ ತೊಟ್ಟು ನಿಂತಿದ್ದಾನೆ. ಜೊತೆಗೆ ಮೂವರು ಭಾರತೀಯ ಸಹಾಯಕರು. ಒಬ್ಬನ ಕೈಯಲ್ಲಿ ದೂರದರ್ಶಕ, ಜೈನ ಪಂಡಿತ ಧರ್ಮಯ್ಯನ ಕೈಯಲ್ಲಿ ಓಲೆಗರಿ, ಹಿಂದಿನ ಬೆಟ್ಟದ ಮೇಲೆ ಗೊಮ್ಮಟ. ಮೋಜಣಿಯ ದಿನಗಳಲ್ಲಿ, 1804ರಲ್ಲಿ, ಮೆಕೆಂಝಿ ಇದೇ ಚಾಮರಾಜನಗರ ಜಿಲ್ಲೆಯ ಮಲೆಯೂರು ಕನಕಗಿರಿಗೆ ಬಂದಾಗ ಅವನನ್ನು ಕಂಡವರಲ್ಲಿ ಮುಂದೆ ‘ರಾಜಾವಳಿ ಕಥೆ’ ಬರೆದ ದೇವಚಂದ್ರನೂ ಒಬ್ಬ. ಚಿತ್ರದ ಮೂಲ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಪುಸ್ತಕಗಳ ಸಣ್ಣ ಅಚ್ಚಿನಲ್ಲಿ ಕೆಂಪಂಗಿಯೇ ಎದ್ದು ಕಾಣುತ್ತದೆ, ಓಲೆಗರಿ ಕಣ್ಣಿಗೆ ಬೀಳುವುದೇ ಇಲ್ಲ. ದೊಡ್ಡ ಅಳತೆಯಲ್ಲಿ, ಧರ್ಮಯ್ಯನ ಮುಖಕ್ಕೂ ಕೈಗೂ ಮೆಕೆಂಝಿಯ ಮುಖಕ್ಕೆ ಕೊಟ್ಟಷ್ಟೇ ದಿನ ಕೊಟ್ಟು ಬರೆದ ಕೈಪ್ರತಿಯಲ್ಲಿ ಈ ಕೊರತೆ ನೀಗುತ್ತದೆ.